ಆಶಾಲತಾ ಅವರ ಸ್ವರದಲ್ಲಿ ಬಂದ ವಾಕ್ಯಗಳು

ಹೆಸರು ಅಶ್ಮಿತಾ, ತಂದೆ ಶೀನಪ್ಪ ಪೂಜಾರಿ, ಪ್ರಾಯ 31 ವರ್ಷ, ಖಾಸಗಿ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಭಾಷಾ ತಪಾಸಣೆಯ ಕೆಲಸ, ವಾಸ ಉಳ್ಳಾಲ, ಮಂಗಳೂರು. ದಿನಾಂಕ 22-02-2025ರಂದು ಬೆಳಿಗ್ಗೆ 11 ಗಂಟೆಗೆ ಠಾಣೆಗೆ ಬಂದು, ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದನ್ನು ನಡೆದ ಕ್ರಮದಲ್ಲೇ ಹೇಳಿ ಬರೆಸುತ್ತಿರುವುದು ಹೀಗಿದೆ:

ನಾನು ಐದು ವರ್ಷಗಳಿಂದ ಕೆಲಸ ಮಾಡುತ್ತಿರುವ ಸಂಸ್ಥೆಯ ಕಚೇರಿ ಕೊಡಿಯಾಲ್‌ಬೈಲಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದೆ. ಮನೆ ಮತ್ತು ಫ್ಲ್ಯಾಟುಗಳ ಬಾಗಿಲಿಗೆ ಹಾಕುವ ಎಲೆಕ್ಟ್ರಾನಿಕ್ ಬೀಗಕ್ಕೆ ಬೇಕಾದ ಮೊಬೈಲ್ ಆ್ಯಪನ್ನು ನಾವು ತಯಾರಿಸುತ್ತೇವೆ. ಬಾಗಿಲು ತೆರೆದಿದೆ, ಬಾಗಿಲು ಹಾಕಿದೆ, ಯಾರೋ ಬಂದಿದ್ದಾರೆ ಎಂಬಂಥ ಮಾತುಗಳನ್ನು ಆ ಆ್ಯಪ್ ಗಟ್ಟಿಯಾಗಿ ಹೇಳುತ್ತದೆ. ಕಣ್ಣು ಸರಿಯಾಗಿ ಕಾಣದ ಹಿರಿಯರಿಗೆ ಅನುಕೂಲವಾಗಲಿ ಎಂದು ಕಳೆದ ವರ್ಷ ಅದಕ್ಕೆ ತುಳುವನ್ನೂ ಸೇರಿಸಲಾಯಿತು.

ತುಳು ವಾಕ್ಯಗಳನ್ನು ನೋಡಿ ತಿದ್ದುವ ಕೆಲಸವನ್ನು ಶ್ರೀಮತಿ ಆಶಾಲತಾ ಚೌಟ, ಪ್ರಾಯ 52, ಇವರಿಗೆ ವಹಿಸಲಾಗಿತ್ತು. ಅವರು ಹಿಂದೆ ಹೈಸ್ಕೂಲಿನಲ್ಲಿ ಕನ್ನಡ ಅಧ್ಯಾಪಕಿಯಾಗಿದ್ದವರು. ಗಂಡ ತೀರಿಕೊಂಡ ಮೇಲೆ ಕುಲಶೇಖರದಲ್ಲಿರುವ ತನ್ನ ತಾಯಿಯ ಮನೆಯಲ್ಲಿ ತಮ್ಮ ಸರ್ವೋತ್ತಮ ಚೌಟ, ಪ್ರಾಯ 48, ಇವರೊಂದಿಗೆ ಇದ್ದರು. ಕಚೇರಿಯಲ್ಲಿ ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆವು. ಅವರು ನನ್ನನ್ನು ಮಗಾ ಎನ್ನುತ್ತಿದ್ದರು. ಕೆಲಸಕ್ಕೆಂದು ಸಂಸ್ಥೆಯಿಂದ ಅವರಿಗೆ ಒಂದು ಟ್ಯಾಬ್ ಕೊಡಲಾಗಿತ್ತು. ಆ ಟ್ಯಾಬಿನಲ್ಲಿ ತಪಾಸಣೆಯ ಪುಟ ಬಿಟ್ಟರೆ ಬೇರೇನೂ ತೆರೆಯುವುದಿಲ್ಲ. ಅದರಿಂದ ಫೋನ್ ಮಾಡಲು, ಮೆಸೇಜ್ ಕಳುಹಿಸಲು ಆಗುವುದಿಲ್ಲ.

ತಪಾಸಣೆ ನಡೆಯುವ ರೀತಿಯನ್ನು ಪಿಎಸ್‌ಐಯವರು ವಿವರವಾಗಿ ಕೇಳಿದ್ದರಿಂದ ಹೇಳುತ್ತಿದ್ದೇನೆ. ಇದನ್ನು ನನ್ನ ಸಹೋದ್ಯೋಗಿ ಶ್ರವಣ್ ರೈ ಎಂಬವರು ಕಟ್ಟಿದ್ದು. ಇದಕ್ಕೆ ಪ್ರೋಗ್ರಾಂ ಬರೆಯಬೇಕಾಗಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಚೌಕಗಳನ್ನು ಎಳೆದು ತಂದು ಗೆರೆಗಳಿಂದ ಜೋಡಿಸಿದರೆ ಕೆಲಸ ಒಂದು ಚೌಕದಿಂದ ಇನ್ನೊಂದಕ್ಕೆ ತಾನಾಗಿ ಸಾಗುತ್ತದೆ. ಕಚೇರಿಯಲ್ಲಿ ನಾವು ಇದನ್ನು ಫ್ಲೋ ಎನ್ನುತ್ತೇವೆ. ಆ್ಯಪಿಗೆ ಹೊಸ ಇಂಗ್ಲಿಷ್ ವಾಕ್ಯ ಸೇರಿದ ಕೂಡಲೇ ಫ್ಲೋ ಅದನ್ನು ಎತ್ತಿಕೊಂಡು ಯಂತ್ರದಿಂದ ತುಳುವಿಗೆ ಅನುವಾದ ಮಾಡಿಸುತ್ತದೆ. ಅಂಕಿ ಬಿಟ್ಟುಹೋಗಿದೆಯೇ, ಜಾಗ ಖಾಲಿ ಉಳಿದಿದೆಯೇ ಎಂದು ನೋಡುತ್ತದೆ. ನಂತರ ಟೀಚರ ಟ್ಯಾಬಿಗೆ ಕಳುಹಿಸುತ್ತದೆ. ಅವರು ‘ಸರಿ’ ಎಂದು ಒತ್ತಬಹುದು, ಇಲ್ಲವೇ ವಾಕ್ಯವನ್ನು ತಿದ್ದಬಹುದು. ಅವರು ಒಪ್ಪಿದ ವಾಕ್ಯ ಕಚೇರಿಯ ಗಾಜಿನ ಕೋಣೆಯಲ್ಲಿರುವ ಪರೀಕ್ಷೆಯ ಫೋನಿಗೆ ಬಂದು, ಅಲ್ಲಿ ಒಮ್ಮೆ ಗಟ್ಟಿಯಾಗಿ ಓದಲ್ಪಡುತ್ತದೆ.

ತಿದ್ದಿದ ವಾಕ್ಯದ ಅರ್ಥ ಮೂಲಕ್ಕೆ ಹೊಂದದಿದ್ದರೆ ಅದು ನನ್ನ ಬಳಿಗೆ ಬರಬೇಕು ಎಂಬ ಒಂದು ಚೌಕವೂ ಮೊದಲು ಇತ್ತು. ತುಳುವಿನ ಮಟ್ಟಿಗೆ ಯಂತ್ರ ಸರಿ ಇದ್ದದ್ದನ್ನೂ ತಪ್ಪು ಎಂದು ಹಿಡಿಯುತ್ತಿದ್ದುದರಿಂದ, ಕಳೆದ ಡಿಸೆಂಬರಿನಲ್ಲಿ ಸಂಸ್ಥೆಯ ತೀರ್ಮಾನದಂತೆ ತುಳುವಿಗೆ ಮಾತ್ರ ಆ ಚೌಕವನ್ನು ತೆಗೆಯಲಾಯಿತು. ಟೀಚರ್ ಒಂದು ದಿನದೊಳಗೆ ಏನೂ ಒತ್ತದಿದ್ದರೆ ಯಂತ್ರದ ಅನುವಾದವೇ ಅವರ ಹೆಸರಿನಲ್ಲಿ ಮುಂದೆ ಹೋಗುವಂತೆಯೂ ಮಾಡಲಾಗಿತ್ತು.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ತುಳು ಓದುವ ಯಂತ್ರದ ಸ್ವರ ನಮಗೆ ಎಲ್ಲಿಯೂ ಸಿಗಲಿಲ್ಲ. ಆದ್ದರಿಂದ ಕಳೆದ ವರ್ಷ ಟೀಚರನ್ನೇ ಸ್ಟುಡಿಯೋದಲ್ಲಿ ಕೂರಿಸಿ, ಅವರ ಒಪ್ಪಿಗೆಯಿಂದ ಅವರ ಓದನ್ನು ರೆಕಾರ್ಡ್ ಮಾಡಿ, ಅದರಿಂದ ಆ ಸ್ವರವನ್ನು ತಯಾರಿಸಲಾಯಿತು. ಹೀಗಾಗಿ ಪರೀಕ್ಷೆಯ ಫೋನ್ ತುಳುವಿನಲ್ಲಿ ಏನು ಹೇಳಿದರೂ ಅದು ಆಶಾಲತಾ ಟೀಚರ ಸ್ವರದಲ್ಲೇ ಇರುತ್ತದೆ. ತರಗತಿಯ ಹಿಂದಿನ ಬೆಂಚಿಗೂ ಕೇಳಿಸುವಂಥ, ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಬರುವ ಸ್ವರ ಅವರದು.

ದಿನಾಂಕ 03-02-2025ರಂದು ಬೆಳಿಗ್ಗೆ ಟೀಚರ್ ನನಗೆ ಫೋನ್ ಮಾಡಿ ಎರಡು ವಾಕ್ಯಗಳ ಬಗ್ಗೆ ಮಾತನಾಡಿದರು. ಮಾತಿನ ನಡುವೆ ಹಿಂದೆ ಯಾರೋ ಗಂಡಸು ಜೋರಾಗಿ ಮಾತನಾಡಿದ್ದು ಕೇಳಿಸಿತು. ಮನೆಯಲ್ಲಿ ಸ್ವಲ್ಪ ಮಾತುಕತೆ ಉಂಟು ಮಗಾ, ಆಮೇಲೆ ಮಾಡ್ತೇನೆ ಎಂದು ಹೇಳಿ ಅವರು ಫೋನ್ ಇಟ್ಟರು. ಆಮೇಲೆ ಅವರು ಫೋನ್ ಮಾಡಲಿಲ್ಲ. ಮರುದಿನದಿಂದ ಅವರು ಒಂದು ವಾಕ್ಯವನ್ನೂ ನೋಡಿರಲಿಲ್ಲ.

ದಿನಾಂಕ 10-02-2025ರಂದು ಸೋಮವಾರ ಸುಮಾರು ಹತ್ತೂವರೆ ಗಂಟೆಗೆ ನಾನು ಅವರ ಮೊಬೈಲಿಗೆ ಕರೆ ಮಾಡಿದೆನು. ಗಂಡಸೊಬ್ಬರು ಕರೆ ತೆಗೆದುಕೊಂಡರು. ಟೀಚರ್ ಇದ್ದಾರಾ ಎಂದು ತುಳುವಿನಲ್ಲಿ ಕೇಳಿದೆನು. ಅವರು “ಆರ್ ಇಜ್ಜೆರ್. ನನ ಪೋನ್ ಮಲ್ಪೊಡ್ಚಿ” ಎಂದು ಹೇಳಿ ಕರೆ ಕಡಿದರು. ಕನ್ನಡದಲ್ಲಿ ಇದು ‘ಅವರಿಲ್ಲ, ಇನ್ನು ಫೋನ್ ಮಾಡುವುದು ಬೇಡ’ ಎಂದಾಗುತ್ತದೆ. ಮನೆಯಲ್ಲಿಲ್ಲ ಎನ್ನುವುದಕ್ಕೂ, ತೀರಿಕೊಂಡಿದ್ದಾರೆ ಎನ್ನುವುದಕ್ಕೂ ಆ ಮಾತು ಹೊಂದುತ್ತದೆ. ಅವರು ಹೇಳಿದ ಧಾಟಿಯಿಂದ ನಾನು ಎರಡನೆಯ ಅರ್ಥವನ್ನೇ ತೆಗೆದುಕೊಂಡೆನು. ತೀರಿಕೊಂಡಿದ್ದಾರೆ ಎಂಬ ಶಬ್ದವನ್ನು ಆ ವ್ಯಕ್ತಿ ಬಳಸಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಸುತ್ತಿದ್ದೇನೆ.

ನಾನು ಕಚೇರಿಯಲ್ಲಿ ವಿಷಯ ಹೇಳಿದೆನು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ಟೀಚರ ಫೋಟೋ ಹಾಕಿ, ಅಗಲಿದ ನಮ್ಮ ಟೀಚರ್ ಎಂದು ಬರೆದು, ಸಂಸ್ಥೆಯ ಫೇಸ್‌ಬುಕ್ ಪುಟದಲ್ಲಿ ಶ್ರದ್ಧಾಂಜಲಿ ಹಾಕಿದವಳು ನಾನೇ. ನನ್ನ ಪಕ್ಕದ ಮೇಜಿನ ನತಾಶಾ ಡಿಸೋಜ ಅಂದು ಸಂಜೆ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದರು.

ಎರಡು ದಿನಗಳ ಬಳಿಕ, ಬುಧವಾರ ಮಧ್ಯಾಹ್ನ ಊಟದ ಹೊತ್ತು. ಗಾಜಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಪಶ್ಚಿಮದ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಪರೀಕ್ಷೆಯ ಫೋನ್ ತಾನಾಗಿ ಬೆಳಗಿ, “ಉಲಯಿ ಒರ್ತಿ ಉಲ್ಲಳ್” ಎಂದಿತು. ಒಳಗೆ ಒಬ್ಬ ಹೆಂಗಸು ಇದ್ದಾಳೆ ಎಂದು ಅದರ ಅರ್ಥ. ನತಾಶಾ ಕೈತುತ್ತನ್ನು ಹಾಗೆಯೇ ಹಿಡಿದುಕೊಂಡು, “ಟೀಚರ್ ಹೋದ ಮೇಲೂ ಟೀಚರದ್ದೇ ಸ್ವರ ಬರ್ತದಲ್ಲ ಮಾರಾಯ್ತಿ, ಕೇಳ್ಲಿಕ್ಕೆ ಆಗುದಿಲ್ಲ ನನಗೆ” ಎಂದರು. ಸ್ವರ ಯಂತ್ರದಲ್ಲಿ ಉಂಟು, ಅದು ಹೋಗುವುದಿಲ್ಲ ಎಂದು ಶ್ರವಣ್ ಹೇಳಿದರು.

ಆ ವಾಕ್ಯದ ಇಂಗ್ಲಿಷ್ ಮೂಲ ಯಾರೋ ಒಳಗಿದ್ದಾರೆ ಎಂಬುದಾಗಿತ್ತು. ಯಂತ್ರ ಅದನ್ನು “ಉಲಯಿ ಏರೋ ಉಲ್ಲೆರ್” ಎಂದು ಅನುವಾದಿಸಿತ್ತು. ಗಂಡಸೋ ಹೆಂಗಸೋ ಎಂದು ಅದರಲ್ಲಿ ತಿಳಿಯುವುದಿಲ್ಲ. ಫೋನ್ ಹೇಳಿದ ವಾಕ್ಯದಲ್ಲಿ ಹೆಂಗಸು ಎಂದು ಖಚಿತವಾಗಿ ಬಂದಿತ್ತು. ನನಗೆ ಇದು ಹೊಳೆದರೂ, ಟೀಚರ್ ಮೊದಲೇ ತಿದ್ದಿಟ್ಟದ್ದು ಈಗ ಬಂದಿರಬೇಕು ಎಂದುಕೊಂಡು ಸುಮ್ಮನಾದೆನು.

ಮರುದಿನ, ಗುರುವಾರ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಫೋನ್ ಪುನಃ ಮಾತನಾಡಿತು. “ಬಾಕಿಲ್‌ಗ್ ಪಿದಾಯಿಡ್ದ್ ಬೀಗ ಪಾಡ್ದೆರ್” ಎಂದಿತು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದಾರೆ ಎಂದರ್ಥ. ಬೀಗದ ಆ್ಯಪಿನಲ್ಲಿ ಇಂಥ ಮಾತು ಬರುವುದು ಸಹಜ. ಆದರೆ ಮೂಲದಲ್ಲಿ ಇದ್ದದ್ದು ಬಾಗಿಲು ಹಾಕಲಾಗಿದೆ ಎಂದಷ್ಟೇ. ಹೊರಗಿನಿಂದ ಎಂಬುದು ಇರಲಿಲ್ಲ, ಹಾಕಿದವರೂ ಇರಲಿಲ್ಲ. ಪರೀಕ್ಷೆಯ ಕೆಲಸ ನೋಡುವ ಲತೇಶ್ ಎಂಬವರು ಆಗ ಆ ಕೋಣೆಯಲ್ಲೇ ಇದ್ದರು. ಅವರು ಹೊರಗೆ ಬಂದು, “ಇದು ಕುಲೆ, ಬೇರೆಂತದ್ದೂ ಅಲ್ಲ. ನಾನು ಇನ್ನು ಒಬ್ಬನೇ ಒಳಗೆ ಹೋಗುದಿಲ್ಲ” ಎಂದರು. ಕುಲೆ ಎಂದರೆ ಸತ್ತವರ ಪ್ರೇತ. ಯಾರೋ ನಕ್ಕರು. ಲತೇಶ್ ನಗಲಿಲ್ಲ. ಅವರು ಅಂದಿನಿಂದ ತಮ್ಮ ಕುರ್ಚಿಯನ್ನು ಹೊರಗೆ ಹಾಕಿಕೊಂಡರು.

ನಾನು ಶ್ರವಣ್ ಅವರಲ್ಲಿ ಈ ಬಗ್ಗೆ ಕೇಳಿದೆನು. “ಎಂತ ಅಶ್ಮಿತಾ, ತುಳುವಿನಲ್ಲಿ ಯಂತ್ರಕ್ಕೆ ಕಲೀಲಿಕ್ಕೆ ಎಷ್ಟು ಉಂಟು ಹೇಳು. ಗೊತ್ತಿಲ್ಲದಾಗ ಬಾಯಿಗೆ ಬಂದದ್ದು ಸೇರಿಸಿ ಹೇಳ್ತದೆ” ಎಂದು ಅವರು ಹೇಳಿದರು. ಅವರ ಮಾತು ನಂಬುವಂಥದ್ದೇ ಆಗಿತ್ತು. ಹಿಂದೆ ಹಾಗೆ ಆದದ್ದೂ ಇದೆ. ಶುಕ್ರವಾರ ಏನೂ ಬರಲಿಲ್ಲ. ಎಲ್ಲರೂ ಅದನ್ನು ಮರೆತಂತೆ ಇದ್ದರು. ನಾನು ಮಾತ್ರ ಊಟದ ಹೊತ್ತಿನಲ್ಲಿ ಗಾಜಿನ ಕೋಣೆಗೆ ಬೆನ್ನು ಹಾಕಿ ಕೂರಲಾರದೆ ಹೋದೆನು.

ದಿನಾಂಕ 17-02-2025, ಸೋಮವಾರ. ಅಂದು ಆ್ಯಪಿಗೆ ಹೊಸದಾಗಿ ಸೇರಿದ ವಾಕ್ಯ, ಬೀಗದ ಬ್ಯಾಟರಿ ಸತ್ತಿದೆ ಎಂಬುದು. ಮಧ್ಯಾಹ್ನ ಒಂದೂಕಾಲರ ಹೊತ್ತಿಗೆ ಫೋನ್ ಬೆಳಗಿತು. ಟೀಚರ ಸ್ವರದಲ್ಲಿ, ನಿಧಾನವಾಗಿ, “ಯಾನ್ ಸೈತಿಜಿ” ಎಂದಿತು.

ನಾನು ಸತ್ತಿಲ್ಲ ಎಂದು ಅದರ ಅರ್ಥ.

ಕಚೇರಿಯಲ್ಲಿ ತುಳು ತಿಳಿದವರು ಹನ್ನೊಂದು ಮಂದಿ ಇದ್ದೆವು. ಕೆಳಗೆ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ ಊರಿನ ಹೆಸರು ಕೂಗುತ್ತಿದ್ದುದು ಮಾತ್ರ ಕೇಳಿಸುತ್ತಿತ್ತು. ನತಾಶಾ ಶಿಲುಬೆಯ ಗುರುತು ಹಾಕಿಕೊಂಡರು. ಶ್ರವಣ್ ಎದ್ದು ಹೋಗಿ ಫೋನಿನ ಸದ್ದನ್ನು ಕಡಿಮೆ ಮಾಡಿ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು. ಆದರೆ ಕೆಲಸ ಮಾಡಲಿಲ್ಲ.

ನಾನು ಫ್ಲೋ ತೆರೆದು ಆ ವಾಕ್ಯ ಬಂದ ದಾರಿಯನ್ನು ನೋಡಿದೆನು. ಸಮಯ ಮೀರಿ ತಾನಾಗಿ ಹೋದ ವಾಕ್ಯಗಳ ಮುಂದೆ ಗಡಿಯಾರದ ಗುರುತು ಇರುತ್ತದೆ. ಕೈಯಿಂದ ತಿದ್ದಿದ್ದಕ್ಕೆ ಪೆನ್ಸಿಲಿನ ಗುರುತು ಇರುತ್ತದೆ. ಫೆಬ್ರವರಿ 4ರಿಂದ 11ರ ತನಕ ಎಲ್ಲಕ್ಕೂ ಗಡಿಯಾರವೇ ಇತ್ತು. ನಾನು ಹೇಳಿದ ಮೂರು ವಾಕ್ಯಗಳ ಮುಂದೆ ಪೆನ್ಸಿಲ್ ಇತ್ತು. ಮೂರೂ ಟೀಚರಿಗೆ ಕೊಟ್ಟ ಟ್ಯಾಬಿನಿಂದಲೇ ಬಂದಿದ್ದವು. ಅಂದರೆ ಯಂತ್ರ ಬಾಯಿಗೆ ಬಂದದ್ದನ್ನು ಹೇಳಿರಲಿಲ್ಲ. ಯಾರೋ ಕುಳಿತು ಬರೆದಿದ್ದರು.

ಶ್ರವಣ್ ಅವರಿಗೆ ತೋರಿಸಿದೆನು. ಮನೆಯವರು ಯಾರಾದರೂ ಟ್ಯಾಬ್ ಹಿಡಿದು ಆಡುತ್ತಿರಬಹುದು, ಹೋಗಿ ತೆಗೆದುಕೊಂಡು ಬರುವುದು ಒಳ್ಳೆಯದು ಎಂದು ಅವರು ಹೇಳಿದರು. ಆಗ ಅವರ ಮುಖದಲ್ಲಿ ಮೊದಲಿನ ಧೈರ್ಯ ಇರಲಿಲ್ಲ.

ಮರುದಿನ, ದಿನಾಂಕ 18-02-2025ರಂದು ಮಧ್ಯಾಹ್ನ ಎರಡು ಗಂಟೆಗೆ ನಾನು ಮತ್ತು ನತಾಶಾ ಇಬ್ಬರೂ ನತಾಶಾರ ಸ್ಕೂಟರಿನಲ್ಲಿ ಕುಲಶೇಖರಕ್ಕೆ ಹೋದೆವು. ಕಚೇರಿಯಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್. ಮುಖ್ಯರಸ್ತೆಯಿಂದ ಒಳಗೆ ಸುಮಾರು ಇನ್ನೂರು ಮೀಟರ್ ಹೋದರೆ ಆ ಮನೆ. ಹಳೆಯ ಹಂಚಿನ ಮನೆ, ಮೇಲೆ ಒಂದು ಉಪ್ಪರಿಗೆ. ಎಡಕ್ಕೂ ಬಲಕ್ಕೂ ಹೊಸ ಫ್ಲ್ಯಾಟಿನ ಕಟ್ಟಡಗಳು ಎದ್ದಿವೆ. ಮನೆಯ ಒಳಗೆ ಟಿವಿ ಬಹಳ ಜೋರಾಗಿ ಹಾಕಿತ್ತು. ಜಗಲಿಯಿಂದ ಕಾಣುತ್ತಿದ್ದ ಆ ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ.

ಸರ್ವೋತ್ತಮ ಅವರು ಗೇಟಿನ ತನಕ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಮ್ಮನ್ನು ಒಳಗೆ ಕರೆಯಲಿಲ್ಲ. ಬಿಸಿಲಿಗೆ ಬಂದಿದ್ದೀರಿ, ಎಳನೀರಿನ ಬೊಂಡ ತೆಗೆಸಿ ಕೊಡಲೇ ಎಂದು ಕೇಳಿದರು. ಬೇಡವೆಂದೆವು. ಟೀಚರ ವಿಷಯ ಕೇಳಿ ಬೇಸರವಾಯಿತು ಎಂದು ನಾನು ಹೇಳಲು ತೊಡಗಿದಾಗ ಅವರು ನನ್ನನ್ನು ನೋಡಿ ನಕ್ಕು, “ಎಂತದ್ದು? ಅಕ್ಕ ಬೊಂಬಾಯಿಗೆ ಹೋಗಿದ್ದಾಳೆ, ಚಿಕ್ಕಮ್ಮನ ಮಗಳ ಮನೆಗೆ” ಎಂದರು.

ಅಂದು ಫೋನಿನಲ್ಲಿ ಅವರಿಲ್ಲ ಎಂದು ಹೇಳಿದ್ದು ನೀವೇ ಅಲ್ಲವೇ ಎಂದು ಕೇಳಿದೆನು. ಹೌದು, ಮನೆಯಲ್ಲಿ ಇಲ್ಲ ಎಂದು ಹೇಳಿದ್ದು ಎಂದರು. ನಾವು ಫೇಸ್‌ಬುಕ್ಕಿನಲ್ಲಿ ಶ್ರದ್ಧಾಂಜಲಿ ಹಾಕಿದ್ದನ್ನು ನೋಡಲಿಲ್ಲವೇ ಎಂದು ನತಾಶಾ ಕೇಳಿದರು. “ನೋಡಿದೆ. ಚಂದ ಬರೆದಿದ್ದೀರಿ” ಎಂದರು. ಸತ್ತಿಲ್ಲ ಎಂದು ನಮಗೆ ಒಂದು ಮಾತು ಏಕೆ ತಿಳಿಸಲಿಲ್ಲ ಎಂದಾಗ, ನೀವೇ ಹಾಕಿದ್ದು, ನಾನೆಂತ ಮಾಡುವುದು ಎಂದು ಹೇಳಿದರು. ಟ್ಯಾಬನ್ನು ಅಕ್ಕ ಬಸ್ಸಿನಲ್ಲಿ ಕಳೆದುಕೊಂಡಿದ್ದಾಳೆ ಎಂದೂ ಹೇಳಿದರು. ಆ ಟ್ಯಾಬಿನಿಂದ ಹಿಂದಿನ ದಿನ ವಾಕ್ಯ ಬಂದಿತ್ತು ಎಂದು ನನ್ನ ಬಾಯಿಯ ತನಕ ಬಂದಿತ್ತು. ನತಾಶಾ ನನ್ನ ಕೈ ಒತ್ತಿ ಹಿಡಿದರು. ನಾನು ಹೇಳಲಿಲ್ಲ.

ಸ್ಕೂಟರ್ ತಿರುಗಿಸುವಾಗ ನಾನು ಮೇಲೆ ನೋಡಿದೆನು. ಉಪ್ಪರಿಗೆಯ ಕೋಣೆಯ ಕಿಟಕಿಗೆ ಹೊರಗಿನಿಂದ ಪ್ಲೈವುಡ್ ಹಲಗೆ ಹೊಡೆದಿತ್ತು. ಹಲಗೆ ಹೊಸದು. ಮೊಳೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಸರ್ವೋತ್ತಮ ಅವರು ನಾವು ಮುಖ್ಯರಸ್ತೆ ಸೇರುವ ತನಕ ಗೇಟಿನಲ್ಲಿ ನಿಂತು ಕೈ ಬೀಸುತ್ತಿದ್ದರು.

ಮೂರೂಕಾಲಕ್ಕೆ ಕಚೇರಿಗೆ ಬಂದೆವು. ನಾನು ಯಾರ ಅನುಮತಿಯನ್ನೂ ಕೇಳದೆ, ಆ್ಯಪಿಗೆ ಹೊಸ ವಾಕ್ಯ ಸೇರಿಸುವ ಜಾಗದಲ್ಲಿ, ನೀವು ಎಲ್ಲಿದ್ದೀರಿ ಎಂದು ಇಂಗ್ಲಿಷಿನಲ್ಲಿ ಬರೆದೆನು. ಫ್ಲೋ ಅದನ್ನು ಬೀಗದ ಒಂದು ಮಾತು ಎಂದೇ ತಿಳಿದು ಅನುವಾದ ಮಾಡಿ, ನೋಡಿ, ಟೀಚರ ಟ್ಯಾಬಿಗೆ ಕಳುಹಿಸಿತು. ನಂತರ ನಾನು ಗಾಜಿನ ಕೋಣೆಗೆ ಹೋಗಿ ಫೋನಿನ ಸದ್ದನ್ನು ಹೆಚ್ಚಿಸಿ ಅದರ ಮುಂದೆ ಕುಳಿತೆನು. ಸ್ವಲ್ಪ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಬಂದು ಬಾಗಿಲಲ್ಲಿ ನಿಂತರು. ಲತೇಶ್ ಕೂಡ ಬಂದರು.

ಸುಮಾರು ಇಪ್ಪತ್ತು ನಿಮಿಷ ಏನೂ ಇರಲಿಲ್ಲ. ಫೋನಿನ ಕಪ್ಪು ಪರದೆಯಲ್ಲಿ ನನ್ನದೇ ಮುಖ ಕಾಣುತ್ತಿತ್ತು. ಆಮೇಲೆ ಪರದೆ ಬೆಳಗಿತು. “ಎನ್ನ ಇಲ್ಲಡೇ. ಮಿತ್ತ್‌ದ ಕೋಣೆಡ್” ಎಂದು ಟೀಚರ್ ಹೇಳಿದರು. ನನ್ನ ಮನೆಯಲ್ಲೇ, ಮೇಲಿನ ಕೋಣೆಯಲ್ಲಿ ಎಂದು. ಸ್ವರದಲ್ಲಿ ಹೆದರಿಕೆ ಇರಲಿಲ್ಲ, ಅಳು ಇರಲಿಲ್ಲ. ಬಾಗಿಲು ತೆರೆದಿದೆ ಎಂದು ಹೇಳುವಷ್ಟೇ ನಿರಾಳವಾಗಿ ಹೇಳಿತು. ಅದು ಯಂತ್ರದ ಸ್ವರ, ಅದಕ್ಕೆ ಬೇರೆ ರೀತಿ ಬರುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ನಿರಾಳವನ್ನು ನಾನು ತಡೆದುಕೊಳ್ಳಲಾರದೆ ಮುಖ ಮುಚ್ಚಿಕೊಂಡೆನು.

ಶ್ರವಣ್ ಅವರೇ ಕಾರು ತೆಗೆದರು. ಪರೀಕ್ಷೆಯ ಫೋನನ್ನೂ ನನ್ನ ಲ್ಯಾಪ್‌ಟಾಪನ್ನೂ ತೆಗೆದುಕೊಂಡು ಸಂಜೆ ನಾಲ್ಕೂಕಾಲರ ಹೊತ್ತಿಗೆ ಈ ಠಾಣೆಗೆ ಬಂದೆವು. ಪಿಎಸ್‌ಐಯವರು ಧಾರವಾಡ ಕಡೆಯವರು, ತುಳು ಬಾರದು. ಫೋನಿನಲ್ಲಿ ಉಳಿದಿದ್ದ ನಾಲ್ಕು ವಾಕ್ಯಗಳನ್ನು ಅವರಿಗೆ ಕೇಳಿಸಿ ಅರ್ಥ ಹೇಳಿದೆನು. ಇದು ಯಂತ್ರದ ಮಾತೋ ಮನುಷ್ಯರ ಮಾತೋ ಎಂದು ಅವರು ಕೇಳಿದರು. ಸ್ವರ ಯಂತ್ರದ್ದು, ಮಾತು ಮನುಷ್ಯರದ್ದು ಎಂದೆನು. ಅವರು ಮತ್ತೇನೂ ಕೇಳದೆ ಸಿಬ್ಬಂದಿಯನ್ನು ಕರೆದರು.

ಅವರ ಸೂಚನೆಯಂತೆ ನಾನು ಠಾಣೆಯಿಂದಲೇ 4.50ಕ್ಕೆ, ಪೊಲೀಸರು ಬರುತ್ತಿದ್ದಾರೆ, ಬಾಗಿಲಿನಿಂದ ದೂರ ಇರಿ ಎಂದು ಬರೆದು ಕಳುಹಿಸಿದೆನು. 4.58ಕ್ಕೆ “ಬೇಗ ಬಲೆ” ಎಂದು ಬಂತು. ಬೇಗ ಬನ್ನಿ ಎಂದರ್ಥ. ಅನಂತರ ದಾಖಲೆ ಹಾಳಾಗಬಾರದೆಂದು ಶ್ರವಣ್ ಅವರು 5 ಗಂಟೆಗೆ ಫ್ಲೋ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಟ್ಯಾಬಿನಲ್ಲಿ ಬರೆದದ್ದು ಅಳಿಯುವುದಿಲ್ಲ. ಪುನಃ ಚಾಲೂ ಮಾಡುವ ತನಕ ಕಾದಿರುತ್ತದೆ. ಪೊಲೀಸರು ಬರುವುದಾಗಿ ನಾನು ಕಳುಹಿಸಿದ್ದ ವಾಕ್ಯ ಕೂಡ ಟ್ಯಾಬಿನ ಪರದೆಯ ಮೇಲೆ, ಪುನಃ ತಿದ್ದಲು ಆಗುವಂತೆ, ಹಾಗೆಯೇ ಉಳಿದಿತ್ತು.

ಜೀಪು ಆ ಮನೆ ತಲುಪಿದಾಗ 5.35 ಆಗಿತ್ತು. ನಾನು ಮತ್ತು ಶ್ರವಣ್ ಹಿಂದಿನಿಂದ ಕಾರಿನಲ್ಲಿ ಹೋಗಿದ್ದೆವು. ನಮ್ಮನ್ನು ಗೇಟಿನ ಹೊರಗೆ ನಿಲ್ಲಿಸಲಾಯಿತು. ಮುಂಬಾಗಿಲು ಒಳಗಿನಿಂದ ಹಾಕಿತ್ತು. ಪೊಲೀಸರು ಬಡಿದರೂ ಸುಮಾರು ಹತ್ತು ನಿಮಿಷ ಯಾರೂ ತೆರೆಯಲಿಲ್ಲ. ಟಿವಿ ಮಾತ್ರ ಜೋರಾಗಿ ಮಾತನಾಡುತ್ತಲೇ ಇತ್ತು. ನಂತರ ಪೊಲೀಸರು ಹಿಂದಿನ ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋದರು. ಟಿವಿ ನಿಂತಿತು. ಆ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಕೇಳಿ ಪಕ್ಕದ ಫ್ಲ್ಯಾಟಿನವರು ಬಾಲ್ಕನಿಗೆ ಬಂದು ನೋಡಿದರು.

ಮೊದಲು ಸರ್ವೋತ್ತಮ ಅವರನ್ನು ಕರೆತಂದರು. ಅವರ ಕೈಯಲ್ಲಿ ನಮ್ಮ ಸಂಸ್ಥೆಯ ಟ್ಯಾಬ್ ಇತ್ತು. ಒಬ್ಬ ಸಿಬ್ಬಂದಿ ಅದನ್ನು ಅವರಿಂದ ತೆಗೆದು ಚೀಲಕ್ಕೆ ಹಾಕಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಇಬ್ಬರು ಮಹಿಳಾ ಸಿಬ್ಬಂದಿ ಟೀಚರನ್ನು ಹಿಡಿದುಕೊಂಡು ಬಂದರು. ಅವರು ಬಿಳಿಚಿಹೋಗಿದ್ದರು. ಸಂಜೆಯ ಬೆಳಕಿಗೂ ಕಣ್ಣು ತೆರೆಯಲಾಗದೆ ಸೆರಗನ್ನು ಅಡ್ಡ ಹಿಡಿದಿದ್ದರು. ಬಲಗೈಯ ಗೆಣ್ಣುಗಳು ಬಾಗಿಲು ಬಡಿದು ಸುಲಿದಿದ್ದವು. ನಾನು ಟೀಚರ್ ಎಂದು ಕರೆದೆನು. ಅವರು ನನ್ನ ಕಡೆಗೆ ತಿರುಗಿ ಬಾಯಿ ತೆರೆದರು. ಸ್ವರ ಹೊರಡಲಿಲ್ಲ. ಅವರು ತಮ್ಮ ಗಂಟಲಿನ ಮೇಲೆ ಅಂಗೈ ಇಟ್ಟು ತಲೆ ಅಲ್ಲಾಡಿಸಿದರು. ಕೂಗಿ ಕೂಗಿ ಸ್ವರ ಹೋಗಿದೆ ಎಂದು ನಂತರ ಆಸ್ಪತ್ರೆಯಲ್ಲಿ ವೈದ್ಯರು ಹೇಳಿದರು.

ಮರುದಿನ ದಿನಾಂಕ 19-02-2025ರಂದು ಬೆಳಿಗ್ಗೆ ಪಿಎಸ್‌ಐಯವರು ನಮ್ಮ ಕಚೇರಿಗೆ ಮಹಜರಿಗೆ ಬಂದರು. ಪಂಚರಾಗಿ ನಮ್ಮ ಕಟ್ಟಡದ ಕೆಳಗೆ ಜೆರಾಕ್ಸ್ ಅಂಗಡಿ ಇಟ್ಟಿರುವ ವಿಲ್ಸನ್ ಎಂಬವರೂ, ಎದುರಿನ ಹಣ್ಣಿನಂಗಡಿಯ ಅಹ್ಮದ್ ಬಾವ ಎಂಬವರೂ ಇದ್ದರು. ಅವರೆಲ್ಲರ ಎದುರು ಶ್ರವಣ್ ಫ್ಲೋವನ್ನು ಪುನಃ ಚಾಲೂ ಮಾಡಿದರು. ಕಾದಿದ್ದ ವಾಕ್ಯ ಒಂದೇ ಇತ್ತು. ಗಾಜಿನ ಕೋಣೆಯಲ್ಲಿ ಫೋನ್ ಬೆಳಗಿ, ಟೀಚರ ಸ್ವರದಲ್ಲಿ, “ಎನ್ನ ಮೆಗ್ಯಗ್ ದಾಲ ಮಲ್ಪೊಡ್ಚಿ. ಆಯನ ದಾಲ ತಪ್ಪು ಇಜ್ಜಿ” ಎಂದಿತು.

ಅಹ್ಮದ್ ಬಾವ ಅವರು ಅಯ್ಯೋ ಎಂದರು. ಪಿಎಸ್‌ಐಯವರು ನನ್ನನ್ನು ಅರ್ಥ ಕೇಳಿದರು. ನನ್ನ ತಮ್ಮನಿಗೆ ಏನೂ ಮಾಡಬೇಡಿ, ಅವನದ್ದು ಏನೂ ತಪ್ಪಿಲ್ಲ ಎಂದು ಹೇಳಿದೆನು. ಅದನ್ನು ಮಹಜರಿನಲ್ಲಿ ಬರೆದುಕೊಂಡರು. ಆ ದಿನ ನಾನೂ ಅದನ್ನು ಟೀಚರ ಮಾತೆಂದೇ ನಂಬಿದೆನು. ಅಷ್ಟಾದರೂ ತಮ್ಮನ ಮೇಲೆ ಅವರಿಗೆ ಪ್ರೀತಿ ಇದೆಯಲ್ಲ ಎಂದು ನತಾಶಾ ಅತ್ತರು.

ದಿನಾಂಕ 20-02-2025ರಂದು ಸಂಜೆ ಸರ್ವೋತ್ತಮ ಅವರ ಪರವಾಗಿ ಎಂದು ಹೇಳಿಕೊಂಡು ಒಬ್ಬರು ನಮ್ಮ ಸಂಸ್ಥೆಯ ಮಾಲೀಕರಿಗೆ ಫೋನ್ ಮಾಡಿದರು. ಟೀಚರಿಗೆ ಮನಸ್ಸಿನ ಕಾಯಿಲೆ ಇದೆ, ಅವರ ಒಳ್ಳೆಯದಕ್ಕೇ ಮನೆಯಲ್ಲಿಟ್ಟದ್ದು, ಮೊದಲಿನ ವಾಕ್ಯಗಳು ಯಂತ್ರದ ಎಡವಟ್ಟು, ಕೊನೆಯ ವಾಕ್ಯ ಮಾತ್ರ ಅಕ್ಕನ ನಿಜವಾದ ಮಾತು, ಅದನ್ನೇ ಪೊಲೀಸರಲ್ಲಿ ಹೇಳಬೇಕೆಂದು ನಿಮ್ಮ ಆ ಹುಡುಗಿಗೆ ತಿಳಿಸಿ ಎಂದು ಹೇಳಿದರಂತೆ. ಮಾಲೀಕರು ಇದನ್ನು ನನಗೆ ಹೇಳಿ, ನಿನಗೆ ಗೊತ್ತಿರುವುದನ್ನು ನೀನು ಹೇಳು ಎಂದರು.

ಮರುದಿನ ಪೊಲೀಸರ ಅನುಮತಿ ಪಡೆದು ನಾನು ಆಸ್ಪತ್ರೆಗೆ ಹೋಗಿ ಟೀಚರನ್ನು ಕಂಡೆನು. ಮಹಿಳಾ ಸಿಬ್ಬಂದಿಯೊಬ್ಬರು ಜೊತೆಗಿದ್ದರು. ಟೀಚರಿಗೆ ಪಿಸುಗುಟ್ಟಲು ಮಾತ್ರ ಆಗುತ್ತಿತ್ತು. ಕಿವಿಯನ್ನು ಅವರ ಬಾಯಿಯ ಬಳಿ ಇಟ್ಟು ಕೇಳಿದೆನು. ಆ ಮನೆ ತಾಯಿಯಿಂದ ಅವರ ಹೆಸರಿಗೆ ಬಂದದ್ದೆಂದೂ, ಅದನ್ನು ಫ್ಲ್ಯಾಟ್ ಕಟ್ಟುವವರಿಗೆ ಕೊಡಲು ತಾನು ಒಪ್ಪದಿದ್ದಾಗ ತಮ್ಮ ತನ್ನನ್ನು ಮೇಲಿನ ಕೋಣೆಗೆ ಹಾಕಿ ಬೀಗ ಹಾಕಿದನೆಂದೂ ಅವರು ಹೇಳಿದರು. ಮೊದಲ ವಾರ ಕೂಗಿದರಂತೆ. ಸ್ವರ ಹೋದ ಮೇಲೆ ಕಪಾಟಿನಲ್ಲಿದ್ದ ಟ್ಯಾಬ್ ತೆಗೆದರಂತೆ. ತಮ್ಮನಿಗೆ ಟ್ಯಾಬ್ ಇರುವುದು ಗೊತ್ತಿತ್ತು. ಅದರಿಂದ ಫೋನ್ ಮಾಡಲು ಆಗುವುದಿಲ್ಲವೆಂದು ತಿಳಿದು, “ಅದ್ರಲ್ಲಿ ನಿನ್ನ ಬೀಗದ ಮಾತು ತಿದ್ದಿಕೊಂಡು ಕೂತ್ಕೋ” ಎಂದು ಹೇಳಿ ಬಿಟ್ಟಿದ್ದನಂತೆ.

ನಾನು ಹಾಕಿದ ಶ್ರದ್ಧಾಂಜಲಿಯನ್ನು ಅವನು ತನ್ನ ಮೊಬೈಲಿನಲ್ಲಿ ಅವರಿಗೆ ತೋರಿಸಿ, ನೋಡು, ಹೊರಗಿನವರಿಗೆ ನೀನು ಮುಗಿದಿದ್ದೀಯ, ಇನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂದು ಹೇಳಿದನಂತೆ. ಇದನ್ನು ಹೇಳುವಾಗ ಟೀಚರ್ ನನ್ನ ಕೈ ಹಿಡಿದುಕೊಂಡೇ ಇದ್ದರು.

ಕೊನೆಯ ವಾಕ್ಯದ ಬಗ್ಗೆ ನಾನು ಕೇಳಿದೆನು. ಅವರಿಗೆ ಅರ್ಥವಾಗಲಿಲ್ಲ. ಪುನಃ ಹೇಳಿದೆನು. ಬೇಗ ಬನ್ನಿ ಎಂದ ಮೇಲೆ ತಾನು ಏನನ್ನೂ ಬರೆದಿಲ್ಲ ಎಂದು ಅವರು ಹೇಳಿದರು. ಜೀಪಿನ ಸದ್ದು ಕೇಳಿದಾಗ ತಮ್ಮ ಉಪ್ಪರಿಗೆಗೆ ಬಂದು ಬಾಗಿಲು ತೆರೆದು ಟ್ಯಾಬ್ ಕಿತ್ತುಕೊಂಡು ಪುನಃ ಬೀಗ ಹಾಕಿದನಂತೆ. ಕೆಳಗೆ ಬಾಗಿಲು ಬಡಿಯುತ್ತಿದ್ದರಂತೆ. ಅವನು ಓಡಿಹೋಗಲಿಲ್ಲ. ಬಾಗಿಲಿನ ಆಚೆಗೆ, ಮೆಟ್ಟಿಲ ಮೇಲೆ ಕುಳಿತು, ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆದು ರೂಢಿಯಿಲ್ಲದ ಕಾರಣ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಏನೋ ಬರೆಯುತ್ತಿದ್ದನಂತೆ. ಶಾಲೆಗೆ ಹೋಗುವಾಗ ಉಕ್ತಲೇಖನ ಬರೆಯುತ್ತಿದ್ದ ಹಾಗೆ ಎಂದು ಟೀಚರ್ ಹೇಳಿದರು. ಒಳಗಿನಿಂದ ಅವರಿಗೆ ‘ಎನ್ನ’ ಎಂಬ ಶಬ್ದ ಮಾತ್ರ ಕೇಳಿಸಿತಂತೆ.

ಅಂದು ಮಧ್ಯಾಹ್ನ ನಾನು ಕಚೇರಿಗೆ ಬಂದು ಫ್ಲೋ ತೆರೆದು ನೋಡಿದೆನು. ಆ ವಾಕ್ಯ ಟ್ಯಾಬಿನಲ್ಲಿ ಸೇರಿದ ಸಮಯ ಸಂಜೆ 5.41. ಆಗ ಪೊಲೀಸರು ಮುಂಬಾಗಿಲು ಬಡಿಯುತ್ತಿದ್ದರು. ನಾನು ಗೇಟಿನಲ್ಲಿ ನಿಂತಿದ್ದೆನು. ಆ ಹೊತ್ತಿನಲ್ಲಿ ಟ್ಯಾಬ್ ಯಾರ ಬಳಿ ಇತ್ತು ಎಂಬುದನ್ನು ಟೀಚರ್ ಹೇಳಿದ್ದಾರೆ. ಕೆಲವೇ ನಿಮಿಷಗಳ ನಂತರ ಯಾರ ಕೈಯಿಂದ ಅದನ್ನು ತೆಗೆದರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಫ್ಲೋ ಆ ವಾಕ್ಯವನ್ನು ತಪಾಸಣೆ ಮಾಡಿದೆ. ಅಂಕಿ ಬಿಟ್ಟುಹೋಗಿಲ್ಲ, ಜಾಗ ಖಾಲಿ ಉಳಿದಿಲ್ಲ ಎಂದು ನೋಡಿದೆ. ಆಶಾಲತಾ ಚೌಟ ಇವರು ಒಪ್ಪಿದ್ದಾರೆ ಎಂದು ಬರೆದು, ಅವರದೇ ಸ್ವರದಲ್ಲಿ ಓದಿದೆ. ಅದರ ಮುಂದೆ ಹಸಿರು ಬಣ್ಣದ ಸರಿ ಗುರುತು ಇದೆ. ಭಾಷಾ ತಪಾಸಣೆ ನನ್ನ ಕೆಲಸವಾದ ಕಾರಣ ಹೇಳುತ್ತಿದ್ದೇನೆ. ಆ ಒಂದು ವಾಕ್ಯ ಅವರದಲ್ಲ. ಉಳಿದ ಐದು ಅವರವು. ಈಗ ತನಗಾಗಿ ಅದನ್ನು ಗಟ್ಟಿಯಾಗಿ ಹೇಳುವಷ್ಟು ಸ್ವರ ಅವರಲ್ಲಿಲ್ಲದ ಕಾರಣ, ನಾನು ಬಂದು ಹೇಳಿದ್ದೇನೆ.

ಮೇಲೆ ಬರೆದಿರುವುದು ನನ್ನ ಬಾಯಿಂದ ಬಂದದ್ದು. ಯಾರ ಒತ್ತಾಯವೂ ಇಲ್ಲ. ಬರೆದುದನ್ನು ನನಗೆ ಪೂರ್ತಿಯಾಗಿ ಓದಿ ಹೇಳಿದರು. ತುಳು ವಾಕ್ಯಗಳನ್ನು ನಾನೇ ಅಕ್ಷರ ಅಕ್ಷರವಾಗಿ ನೋಡಿದ್ದೇನೆ. ನಾನು ಹೇಳಿದಂತೆಯೇ ಇದೆ ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಮಂಗಳೂರು
ದಿನಾಂಕ: 22-02-2025

(ಸಹಿ) ಅಶ್ಮಿತಾ